ಹಳಿ ಬಂತು, ಹಳಿಯವರೆಗಿನ ದಾರಿ ಯಾರದು?

ಮಾನ್ಯ ಸಂಪಾದಕರೆ,

ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಕುರಿತು ಬರುವ ಪತ್ರಗಳೆಲ್ಲ ಕಾಮಗಾರಿಯ ವಿಳಂಬವನ್ನೇ ಪ್ರಶ್ನಿಸುತ್ತವೆ. 2010–11ನೇ ಸಾಲಿನಲ್ಲಿ ಮಂಜೂರಾದ 142 ಕಿಲೋಮೀಟರ್ ಮಾರ್ಗ ಇಷ್ಟು ವರ್ಷ ಎಳೆದಾಡಿದ್ದಕ್ಕೆ ಜನ ಸಿಟ್ಟಾಗುವುದು ನ್ಯಾಯವೇ. ಆದರೆ ಹಳಿ ಖಜ್ಜಿಡೋಣಿ ದಾಟಿ ಲೋಕಾಪುರದ ಸೀಮೆಗೆ ಬಂದಿರುವ ಈ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ನಮ್ಮ ಭಾಗದ ಸುಣ್ಣದ ಕಲ್ಲು, ಡೋಲೊಮೈಟ್ ಈ ಹಳಿಯ ಮೇಲೆ ಹೋಗಬೇಕಾದರೆ, ಮಾಲು ತುಂಬುವ ಜಾಗವೂ ಅಲ್ಲಿಗೆ ಮುಟ್ಟುವ ರಸ್ತೆಯೂ ಯಾರ ಕೈಯಲ್ಲಿ ಇರುತ್ತವೆ?

ಈ ಪ್ರಶ್ನೆ ನನಗೆ ಹೊಳೆದದ್ದು ನಮ್ಮೂರಿನ ಒಂದು ಚಕ್ಕಡಿ ದಾರಿಯಿಂದ. ಗುಡ್ಡದ ಹಿಂದೆ ಅಕ್ಕಪಕ್ಕದಲ್ಲೇ ಎರಡು ಕ್ವಾರಿಗಳಿವೆ. ಮೊದಲು ಬಂದವರು ಹಳ್ಳದ ದಂಡೆಯ ಮೂವರು ರೈತರಿಂದ ಹೊಲದ ಅಂಚನ್ನು ಕರಾರಿನ ಮೇಲೆ ಪಡೆದು, ಹಳೆಯ ದಾರಿಯನ್ನು ಅಗಲ ಮಾಡಿ, ಕಬ್ಬಿಣದ ಪೈಪು ಅಡ್ಡ ಕಟ್ಟಿ ಕಾವಲುಗಾರನನ್ನು ಕೂಡಿಸಿದರು. ಎರಡನೆಯವರ ಟಿಪ್ಪರ್‌ಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮಾತು ಬೆಳೆದು, ಒಂದು ರಾತ್ರಿ ಯಾರೋ ಜೆಸಿಬಿ ತಂದು ದಾರಿಯನ್ನೇ ಎದೆಮಟ್ಟ ಅಗೆದುಬಿಟ್ಟರು. ಮರುದಿನ ನನ್ನ ತಮ್ಮನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಆ ತಗ್ಗಿನ ಈಚೆ ನಿಂತಿತು. ಪಂಚನಾಮೆ ಆಗಿ, ತಗ್ಗು ಮುಚ್ಚುವಷ್ಟರಲ್ಲಿ ನಾಲ್ಕು ದಿನ ಕಳೆದಿದ್ದವು. ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಂಡಿತ್ತು. ಕ್ವಾರಿಯವರಿಬ್ಬರೂ ಆಮೇಲೆ ರಾಜಿಯಾದರು. ತಮ್ಮನ ನಷ್ಟ ಮಾತ್ರ ಯಾರ ರಾಜಿಪತ್ರದಲ್ಲೂ ಬರಲಿಲ್ಲ.

ಇದು ಹಳ್ಳಿಯ ಜಗಳ, ದೊಡ್ಡ ಕಂಪನಿಗಳು ಹೀಗೆ ಮಾಡುವುದಿಲ್ಲ ಎನ್ನುವವರು ಕೆನಡಾದ ಒಂಟಾರಿಯೊ ಪ್ರಾಂತದ ಉತ್ತರ ತುದಿಯಲ್ಲಿರುವ ‘ರಿಂಗ್ ಆಫ್ ಫೈರ್’ ಎಂಬ ಖನಿಜ ಪ್ರದೇಶದ ಕಥೆಯನ್ನು ಗಮನಿಸಬೇಕು. ಜೌಗು ನೆಲದ ಆ ಸೀಮೆಯಲ್ಲಿ ಕ್ರೋಮೈಟ್ ಅದಿರಿನ ದೊಡ್ಡ ನಿಕ್ಷೇಪವಿದೆ, ಆದರೆ ವರ್ಷವಿಡೀ ಓಡಾಡುವ ರಸ್ತೆಯಿಲ್ಲ; ಅಲ್ಲಿನ ಮೂಲನಿವಾಸಿಗಳ ಊರುಗಳಿಗೆ ವಿಮಾನ, ಇಲ್ಲವೇ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲಿನ ದಾರಿಯೇ ಗತಿ. ಜೌಗಿನ ನಡುವೆ ಗಟ್ಟಿ ನೆಲವೆಂದರೆ ಉದ್ದಕ್ಕೆ ಹಾದುಹೋಗುವ ಒಂದು ಮರಳು ದಿಬ್ಬ. ಕೆಡಬ್ಲ್ಯೂಜಿ ಎಂಬ ಸಣ್ಣ ಕಂಪನಿಯ ಅಂಗಸಂಸ್ಥೆ ಮುಂದೆ ರೈಲು ಹಾಕುವ ಲೆಕ್ಕದಲ್ಲಿ ಆ ದಿಬ್ಬದುದ್ದಕ್ಕೂ ಗಣಿ ಹಕ್ಕಿನ ಗೂಟ ನೆಟ್ಟಿತು. ಅದೇ ದಿಬ್ಬದ ಮೇಲೆ ರಸ್ತೆ ಮಾಡಲು ಹೊರಟ ಕ್ಲಿಫ್ಸ್ ಎಂಬ ದೊಡ್ಡ ಕಂಪನಿ ದಾರಿಯ ಹಕ್ಕು ಕೇಳಿದಾಗ, 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗಣಿ ಮತ್ತು ಭೂಮಿ ಆಯುಕ್ತರು ಆ ಅರ್ಜಿಯನ್ನು ತಳ್ಳಿಹಾಕಿದರು. ನವೆಂಬರ್‌ನಲ್ಲಿ ಕ್ಲಿಫ್ಸ್ ಯೋಜನೆಯನ್ನೇ ನಿಲ್ಲಿಸಿತು. ಮರುವರ್ಷ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತಾದರೂ ಹೊತ್ತು ಮೀರಿತ್ತು. 2015ರಲ್ಲಿ ಕಂಪನಿ ತನ್ನ ಪಾಲು ಮಾರಿ ಹೊರನಡೆಯಿತು. ಸೋತದ್ದಕ್ಕೆ ದಾರಿಯ ಜಗಳವೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಊರುಗಳಿಗೆ ಬರಬಹುದಾಗಿದ್ದ ರಸ್ತೆಯಂತೂ ಆಗ ಬರಲಿಲ್ಲ.

ಆಸ್ಟ್ರೇಲಿಯಾದ ಪಿಲ್ಬರಾದ ಕಥೆಯಲ್ಲಿ ವ್ಯಂಗ್ಯವೂ ಇದೆ. ಅಲ್ಲಿನ ಕಬ್ಬಿಣದ ಅದಿರಿನ ರೈಲು ಮಾರ್ಗಗಳನ್ನು ಬಿಎಚ್‌ಪಿ, ರಿಯೊ ಟಿಂಟೊ ಕಂಪನಿಗಳೇ ಹಾಕಿಕೊಂಡಿದ್ದವು. ಹೊಸದಾಗಿ ಬಂದ ಫಾರ್ಟೆಸ್ಕ್ಯೂ ಕಂಪನಿ 2004ರಿಂದ ಆ ಹಳಿಗಳ ಮೇಲೆ ತನ್ನ ಅದಿರು ಸಾಗಿಸಲು ಅವಕಾಶ ಕೋರತೊಡಗಿತು. ವ್ಯಾಜ್ಯ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿ 2012ರಲ್ಲೂ ನಡೆದೇ ಇತ್ತು. ಅಷ್ಟರಲ್ಲಿ, 2008ರಲ್ಲೇ, ಫಾರ್ಟೆಸ್ಕ್ಯೂ ಸ್ವಂತ ಹಳಿ ಹಾಕಿ ಓಡಿಸತೊಡಗಿತ್ತು. 2013ರಲ್ಲಿ ಬ್ರಾಕ್‌ಮನ್ ಎಂಬ ಸಣ್ಣ ಕಂಪನಿ ಇದೇ ಫಾರ್ಟೆಸ್ಕ್ಯೂ ಹಳಿಯ ಮೇಲೆ ಜಾಗ ಕೇಳಿದಾಗ, ಒಂದು ಕಾಲಕ್ಕೆ ತಾನೇ ಬಾಗಿಲು ತಟ್ಟಿದ್ದ ಕಂಪನಿ ಕೋರ್ಟಿಗೆ ಹೋಗಿ ವಿರೋಧಿಸಿತು.

ಇವೆಲ್ಲ ಅಗಾಧ ಗಣಿಗಳು, ನಮ್ಮ ಕಲಾದಗಿ, ಲೋಕಾಪುರದ ಸುಣ್ಣದ ಕಲ್ಲಿಗೂ ಅವಕ್ಕೂ ಎಲ್ಲಿಯ ಹೋಲಿಕೆ ಎನ್ನಬಹುದು. ನಾನು ಹಲವು ವರ್ಷ ಲಾರಿಗಳ ಬಾಡಿಗೆ ಲೆಕ್ಕ ಬರೆದವನಾದ್ದರಿಂದ ಒಂದು ಲೆಕ್ಕ ಕೊಡುತ್ತೇನೆ. ಅದಿರು, ಕಲ್ಲು ಸಾಗಿಸುವ ಗೂಡ್ಸ್ ರೈಲಿನ ಒಂದು ಪೂರ್ಣ ರೇಕ್ ಎಂದರೆ 58ರಷ್ಟು ವ್ಯಾಗನ್, ಹೆಚ್ಚುಕಡಿಮೆ 4,000 ಟನ್. ಹತ್ತು ಗಾಲಿಯ ಟಿಪ್ಪರ್ 18 ಟನ್ ಹೇರುತ್ತದೆಂದರೆ ಒಂದು ರೇಕ್ ತುಂಬಲು 220ಕ್ಕೂ ಹೆಚ್ಚು ಟ್ರಿಪ್ ಬೇಕು. ರೇಕ್ ಬಂದು ನಿಂತ ಮೇಲೆ ಮಾಲು ಹುಡುಕುತ್ತ ಕೂರಲಾಗದು. ಗಡುವು ಮೀರಿದರೆ ಡೆಮರೇಜ್ ಎಂಬ ದಂಡ ಬೀಳುತ್ತದೆ. ಅಂದರೆ ಮಾಲನ್ನು ವಾರಗಟ್ಟಲೆ ಮೊದಲೇ ಹಳಿಯ ಪಕ್ಕ ರಾಶಿ ಹಾಕಿರಬೇಕು. ಸ್ವಂತ ಸೈಡಿಂಗ್ (ಮಾಲು ತುಂಬಲು ಮುಖ್ಯ ಹಳಿಯಿಂದ ಕವಲೊಡೆದ ಹಳಿ) ಹಾಕಿಸುವ ತಾಕತ್ತಿರುವ ಕಾರ್ಖಾನೆಗೆ ಇದು ಸಲೀಸು. ಐದಾರು ಎಕರೆ ಗಣಿಯವನು ಒಬ್ಬನೇ ರೇಕ್ ತುಂಬಲಾರ, ನಾಲ್ಕು ಜನ ಕೂಡಿ ತುಂಬೋಣವೆಂದರೆ ರಾಶಿ ಹಾಕಲು ಸಾರ್ವಜನಿಕ ಅಂಗಳ ಬೇಕು. ಅಂಗಳದ ಸುತ್ತಲಿನ ಹೊಲಗಳನ್ನು ಒಂದೇ ಕಂಪನಿ ಹಿಡಿದರೆ ಉಳಿದವರು ಅದು ಹೇಳಿದ ದರಕ್ಕೆ ಅದಕ್ಕೇ ಕಲ್ಲು ಮಾರಬೇಕಾಗುತ್ತದೆ. (ರೈಲು ಬಂದರೆ ದೂರದ ಬಾಡಿಗೆ ತಪ್ಪುತ್ತದೆಂದು ನಮ್ಮ ಲಾರಿ ಮಾಲೀಕರು ನನ್ನ ಮೇಲೆ ಮುನಿಸಿಕೊಂಡಾರು. ಗಣಿಯಿಂದ ಅಂಗಳದವರೆಗಿನ 220 ಟ್ರಿಪ್ ಅವರದ್ದೇ ಎಂಬುದನ್ನೂ ಅವರು ಎಣಿಸಲಿ.)

ಆದ್ದರಿಂದ ಲೋಕಾಪುರದಲ್ಲಿ ಗೂಡ್ಸ್ ಅಂಗಳವನ್ನು ರೈಲ್ವೆಯೇ ಎಲ್ಲರಿಗೂ ಮುಕ್ತವಾಗಿ ನಡೆಸಬೇಕು. ಖಾಸಗಿ ಸೈಡಿಂಗ್‌ಗೆ ಅನುಮತಿ ಕೊಡುವುದಾದರೆ, ನಿಗದಿತ ದರ ತೆತ್ತು ಬೇರೆಯವರೂ ಬಳಸಬಹುದೆಂಬ ಷರತ್ತನ್ನು ಅನುಮತಿ ಪತ್ರದಲ್ಲೇ ಬರೆಯಬೇಕು. ಅಂಗಳಕ್ಕೆ ಹೋಗುವ ರಸ್ತೆಯನ್ನು ಯಾವ ಗಣಿಯವರ ಕರಾರಿಗೂ ಬಿಡದೆ ಲೋಕೋಪಯೋಗಿ ಇಲಾಖೆ ತನ್ನ ಹೆಸರಿನಲ್ಲಿ ಮಾಡಬೇಕು, ಕಬ್ಬಿನ ಗಾಡಿಗಳಿಗೂ ಅದು ತೆರೆದಿರಬೇಕು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಗಣಿಬಾಧಿತ ಊರುಗಳ ರಸ್ತೆಗೂ ಬಳಸಲು ಅವಕಾಶವಿದೆ. ಮಾನ್ಯ ಜಿಲ್ಲಾಧಿಕಾರಿಗಳು ಅಂಗಳ ಮತ್ತು ರಸ್ತೆಯ ನಕ್ಷೆಯನ್ನು ಆಯಾ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಈಗಲೇ ಹಚ್ಚಿಸಲಿ. ಹಳಿಯ ಪಕ್ಕದ ಹೊಲಗಳ ಉತಾರದಲ್ಲಿ ಹೆಸರುಗಳು ಬದಲಾದ ಮೇಲೆ ಹಚ್ಚಿದರೆ ಅದನ್ನು ನಾವು ಓದಿಯೂ ಮಾಡುವುದೇನೂ ಇರುವುದಿಲ್ಲ.

ಇತಿ,
ತಮ್ಮ ಓದುಗ
ಲೋಕಾಪುರ, ಬಾಗಲಕೋಟೆ ಜಿಲ್ಲೆ