ಮೀನು ರಫ್ತು ಸುದ್ದಿ ಹಂಚುವ ಮುನ್ನ

ಎಲ್ಲರಿಗೂ ನಮಸ್ಕಾರ. "ಆ ದೇಶ ಈ ದೇಶದ ಮೀನು ನಿಲ್ಲಿಸಿತು" ಎಂಬ ಸುದ್ದಿ ಬಂದರೆ, ಯಾವ ನಿಯಮದಡಿ ಅಂತ ನೋಡಿಕೊಂಡೇ ಫಾರ್ವರ್ಡ್ ಮಾಡಿ. ಎಲ್ಲದಕ್ಕೂ ಕಾರಣ ಒಂದೇ ಇರುವುದಿಲ್ಲ.

ಅಮೆರಿಕದ ಸಿಗಡಿ ನಿಯಮವನ್ನೇ ತೆಗೆದುಕೊಳ್ಳಿ. ದೋಣಿ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯೊಳಗೆ ಓರೆಯಾಗಿ ಸರಳುಗಳ ಚೌಕಟ್ಟು ಕೂರಿಸಿರುತ್ತಾರೆ. ಸಿಗಡಿ ಸಂದಿಯಲ್ಲಿ ನುಸುಳಿ ಹಿಂದಿನ ಚೀಲ ಸೇರುತ್ತದೆ, ಆಮೆ ಸರಳಿಗೆ ತಗುಲಿ ಕಿಂಡಿಯಿಂದ ಹೊರಬೀಳುತ್ತದೆ. ಇಂಥ ಆಮೆ ರಕ್ಷಣೆ ಇಲ್ಲದ ಕಡಲ ಸಿಗಡಿಯನ್ನು ಅಮೆರಿಕ ಕೊಳ್ಳುವುದಿಲ್ಲ. ಸಾಕಿದ ಸಿಗಡಿಗೆ ಈ ಅಡ್ಡಿಯಿಲ್ಲ. ಸುದ್ದಿಗಳಲ್ಲಿ ಬಿಟ್ಟುಹೋಗುವುದು ಇದೇ ವ್ಯತ್ಯಾಸ!

ಯುರೋಪಿಯನ್ ಒಕ್ಕೂಟ ನೋಡುವುದು ಮೀನು ಕಾನೂನುಬದ್ಧವಾಗಿ ಹಿಡಿದದ್ದೇ ಎಂಬ ದಾಖಲೆ. 2015ರಲ್ಲಿ ಥಾಯ್ಲೆಂಡ್‌ಗೆ ಹಳದಿ ಕಾರ್ಡ್ (ಅಕ್ರಮ ಮೀನುಗಾರಿಕೆ ತಡೆಯಿರಿ ಎಂಬ ಅಧಿಕೃತ ಎಚ್ಚರಿಕೆ) ಕೊಟ್ಟು, ಕಾನೂನು ಬದಲಾಗಿ ದೋಣಿಗಳ ಮೇಲೆ ನಿಗಾ ಬಂದ ಮೇಲೆ 2019ರಲ್ಲಿ ತೆಗೆದರು. ಇನ್ನು, ಅಕ್ರಮ ಮೀನುಗಾರಿಕೆಗೆ ಸಬ್ಸಿಡಿ ನಿಷೇಧಿಸುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಿದೆ.

ಆಮೆ ಉಳಿಯಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಉಪಕರಣದ ಖರ್ಚು, ಕಾಗದಪತ್ರದ ಓಡಾಟ ಸಣ್ಣ ದೋಣಿಯವರ ತಲೆಗೇ ಬೀಳುವುದು ಅನ್ಯಾಯ. ಸರ್ಕಾರಗಳು ಇದನ್ನು ಹೊರಬೇಕು.

ಸುದ್ದಿ ಹಾಕುವಾಗ ದೇಶ, ಮೀನಿನ ಜಾತಿ, ಆದೇಶದ ದಿನಾಂಕ ಮೂರನ್ನೂ ಬರೆಯಿರಿ.