ಹೊರತುಪಡಿಸಿ

ಪುಟ್ಟಿ,

ಹಾಸನಾಂಬೆ ಗುಡಿ ಬಾಗಿಲು ಹಾಕಿ ಹತ್ತು ದಿನವಾಯಿತು. ಊರಿನ ಬ್ಯಾರಿಕೇಡೆಲ್ಲ ತೆಗೆದರು. ನೀನು ಹೊರಟ ಬೆಳಗ್ಗೆ ಗೇಟಿನ ಚಿಲಕವನ್ನು ಸದ್ದಾಗದ ಹಾಗೆ ಹಾಕಿದೆ, ಆದರೂ ನನಗೆ ಕೇಳಿಸಿತು. ಎಚ್ಚರವಾಗಿಯೇ ಇದ್ದೆ. ಎದ್ದು ಸ್ಕೂಟರಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಬಹುದಿತ್ತು, ಮುಸುಕು ಎಳೆದುಕೊಂಡು ಮಲಗಿದ್ದೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಆದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ಗೊತ್ತಿರುವುದೇ.

ಫೋನ್ ಎತ್ತುತ್ತಿಲ್ಲ, ಸರಿ. ವಾಟ್ಸಾಪಿನಲ್ಲಿ ಉದ್ದಕ್ಕೆ ಬರೆದರೆ 'ಹ್ಞೂಂ' ಅಂತ ಒಂದು ಬರುತ್ತದೆ. ಅದಕ್ಕೇ ಕಾಗದ. ಅಮ್ಮನ ಚಕ್ಕುಲಿ ಡಬ್ಬದಲ್ಲಿ ಇಡುತ್ತಿದ್ದೇನೆ, ಎಣ್ಣೆ ಹತ್ತಿದ್ದರೆ ಬಯ್ಯಬೇಡ.

ಎಂಬಿಎ ಸೀಟಿಗೆ ಅಂತ ನೀನು ಬರೆಯುವ ಕ್ಯಾಟ್ ಪರೀಕ್ಷೆಯ ಮಾಕ್ ಟೆಸ್ಟಿನ ಪ್ರಿಂಟನ್ನು ನಿನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದೀಯ. ಕೇಳದೆ ಓದಿದೆ. ಮೂವತ್ತು ವರ್ಷದಿಂದ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದವನಿಗೆ ಕಣ್ಣೆದುರು ಇರುವ ಕಾಗದ ಓದದೆ ಇರುವುದು ಆಗುವುದಿಲ್ಲ. ಹೋದ ವರ್ಷ ನೀನು ಪರ್ಸೆಂಟೈಲ್ ಅಂದಾಗ ನೂರಕ್ಕೆ ಎಷ್ಟು ಮಾರ್ಕು ಅಂತ ಅಂದುಕೊಂಡು ಎಲ್ಲರ ಹತ್ತಿರ ಹೇಳಿಕೊಂಡು ಬಂದವನು ನಾನು. ಬರೆದವರಲ್ಲಿ ನೂರಕ್ಕೆ ಎಷ್ಟು ಜನ ನಿನಗಿಂತ ಹಿಂದೆ ಇದ್ದಾರೆ ಅನ್ನುವ ಲೆಕ್ಕ ಅದು ಅಂತ ಈಗ ಗೊತ್ತಾಗಿದೆ. ನಗಬೇಡ.

ಇಂಗ್ಲಿಷ್ ಭಾಗಕ್ಕೆ 24 ಪ್ರಶ್ನೆ, 40 ನಿಮಿಷ. ಅದರಲ್ಲಿ 16 ಪ್ರಶ್ನೆ ನಾಲ್ಕು ಪ್ಯಾಸೇಜಿನ ಮೇಲೆ. ನೀನು 14 ಮಾಡಿದ್ದೀಯ, 6 ಸರಿ. ಸರಿಗೆ ಮೂರು, ತಪ್ಪಿಗೆ ಒಂದು ಕಡಿತ, ಅಂದರೆ 18ರಲ್ಲಿ 8 ಹೋಗಿ ಉಳಿದಿದ್ದು 10. ಅನುಮಾನ ಇದ್ದ ಐದನ್ನು ಮುಟ್ಟದೆ ಬಿಟ್ಟಿದ್ದರೆ ಅದೇ ಆರು ಸರಿಗೆ 15 ಬರುತ್ತಿತ್ತು. ಬಿಟ್ಟಿದ್ದಕ್ಕೆ ದಂಡ ಇಲ್ಲ ಅಲ್ವಾ? ಮತ್ತೆ ಯಾಕೆ ಮುಟ್ಟಿದೆ? ಇದನ್ನು ಕೇಳಬಾರದು ಅಂತಲೇ ಕೂತಿದ್ದೆ, ಕೇಳಿಬಿಟ್ಟೆ.

ಆ ಕಾಫಿ ತೋಟದ ಪ್ಯಾಸೇಜನ್ನು ನಾನೂ ಮಾಡಿದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಐವತ್ತೈದು ನಿಮಿಷ ಹಿಡಿಯಿತು. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ನಾಲ್ಕರಲ್ಲಿ ಮೂರು ಸರಿ, ನಿನ್ನದು ಒಂದು. ಜಂಬಕ್ಕೆ ಹೇಳುತ್ತಿಲ್ಲ, ಸ್ವಲ್ಪ ಇದೆ ಬಿಡು. ನೀನು ಎಲ್ಲಿ ಜಾರಿದೆ ಅಂದರೆ, ನೆರಳಿನ ಮರ ಇದ್ದರೆ ಗಿಡಕ್ಕೆ ಒಳ್ಳೆಯದು ಅನ್ನುವ ಉತ್ತರಕ್ಕೆ ಟಿಕ್ ಹಾಕಿದ್ದೀಯ. ಮಾತು ನಿಜವೇ. ಸಕಲೇಶಪುರದ ತಾತನ ತೋಟದಲ್ಲಿ ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿದ್ದನ್ನು ನೋಡುತ್ತಾ ಬೆಳೆದವಳು ನೀನು. ಆದರೆ ಆ ಪುಣ್ಯಾತ್ಮ ಲೇಖಕ ಗಿಡದ ಮಾತೇ ಎತ್ತಿಲ್ಲ. ಅವನು ಬರೆದಿರುವುದೆಲ್ಲ ಹಕ್ಕಿಗಳ ಬಗ್ಗೆ. ನೀನು ತಾತನ ತೋಟ ಓದಿದೆ, ಪ್ಯಾಸೇಜ್ ಓದಲಿಲ್ಲ. ನಮ್ಮಲ್ಲೂ ಹೀಗೇ. ಜಮೀನು ನಾಲ್ಕು ಎಕರೆ ಅಂತ ಊರಿಗೆಲ್ಲ ಗೊತ್ತಿರಬಹುದು, ಪತ್ರದಲ್ಲಿ 3 ಎಕರೆ 30 ಗುಂಟೆ ಅಂತಿದ್ದರೆ ಅಷ್ಟೇ. ಪತ್ರದಲ್ಲಿ ಇಲ್ಲದ್ದು ಇಲ್ಲ.

ಇನ್ನೊಂದು ಜಾಗ, ಆ ಎಕ್ಸೆಪ್ಟ್ ಪ್ರಶ್ನೆಗಳು. ಎರಡಿದ್ದವು, ಎರಡೂ ತಪ್ಪು. ಕೆಳಗಿನ ಎಲ್ಲವನ್ನೂ ಲೇಖಕ ಒಪ್ಪುತ್ತಾನೆ ಅಂತ ಉದ್ದಕ್ಕೆ ಹೇಳಿ, ಕೊನೆಗೆ ದೊಡ್ಡಕ್ಷರದಲ್ಲಿ ಎಕ್ಸೆಪ್ಟ್, ಅಂದರೆ ಒಂದನ್ನು ಬಿಟ್ಟು, ಅಂತ ಇಡುತ್ತಾರೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಇಲ್ಲ ಅನ್ನುವುದು ಮೊದಲೇ ಬಂದುಬಿಡುತ್ತದೆ, ನಮ್ಮ ಕನ್ನಡದಲ್ಲೇ ಸಾಲಿನ ಕೊನೆವರೆಗೂ ಕಾಯಬೇಕು, ಕೊಟ್ಟಿರುತ್ತೇನೋ ಕೊಟ್ಟಿರುವುದಿಲ್ಲವೋ ಅಂತ. ಈ ಪ್ರಶ್ನೆ ಮಾತ್ರ ಕನ್ನಡದ ಹಾಗೆ. ನಿನಗೆ ಸುಲಭ ಆಗಬೇಕಿತ್ತು.

ಅದನ್ನು ನೋಡಿದ ಮೇಲೆ ನನಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ನಿನಗೆ ಹಗ್ಗದ ಕಥೆ ಹೇಳಿಲ್ಲ. ಅಮ್ಮನಿಗೂ ಪೂರ್ತಿ ಹೇಳಿಲ್ಲ.

2004ರ ಬೇಸಿಗೆ, ನಿನಗೆ ಮೂರು ವರ್ಷ. ಶಾಂತಿಗ್ರಾಮದ ಕಡೆಯ ಒಬ್ಬ ರೈತ ಒಂದೂವರೆ ಎಕರೆ ಕೊಂಡಿದ್ದ. ಓದು ಬರದವನು. ಹಳೇ ಮದರ್ ಡೀಡ್, ಅಂದರೆ ಜಮೀನಿನ ಮೂಲಪತ್ರ ತಂದು, ಸ್ವಾಮಿ ಬಾವಿ ನಮಗೆ ಬರುತ್ತಾ ನೋಡಿ ಅಂತ ಕೇಳಿದ. ಕೈಬರಹದ ಪತ್ರ, ಶಾಯಿ ಕಂದು ತಿರುಗಿತ್ತು. ಚಕ್ಕುಬಂದಿ ಎಲ್ಲ ಸರಿಯಾಗಿ ಓದಿದೆ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ. ಪುಟದ ಕೊನೇ ಸಾಲು 'ಸದರಿ ಸ್ವತ್ತಿನಲ್ಲಿರುವ ಬಾವಿಯ ನೀರಿನ ಹಕ್ಕನ್ನು' ಅಂತ ಮುಗಿದಿತ್ತು. ಮುಂದೆ ಏನಿರುತ್ತದೆ ಅಂತ ನನಗೆ ಗೊತ್ತೇ ಇತ್ತು, ನೂರಾರು ಪತ್ರ ಬರೆದವನು. ಬರುತ್ತೆ ಹೋಗಯ್ಯ ಅಂದೆ. ಪುಟ ತಿರುಗಿಸಲಿಲ್ಲ. ಹಿಂಬದಿಯ ಪುಟದ ಮೊದಲನೇ ಪದ 'ಹೊರತುಪಡಿಸಿ'.

ಮುಂದಿನ ಬೇಸಿಗೆಯಲ್ಲಿ ಬಂದ. ಕೈಯಲ್ಲಿ ಬಾವಿ ಹಗ್ಗ. ಬಯ್ಯಲಿಲ್ಲ, ಕೂಗಾಡಲಿಲ್ಲ. ಹಗ್ಗವನ್ನು ನನ್ನ ಮೇಜಿನ ಮೇಲಿಟ್ಟು, ಇದು ನಿಮ್ಮ ಹತ್ತಿರವೇ ಇರಲಿ ಸ್ವಾಮಿ, ನನಗೆ ಕೆಲಸಕ್ಕೆ ಬರಲ್ಲ ಅಂದ. ಹಗ್ಗದ ಒಂದು ತುದಿ ಇನ್ನೂ ಒದ್ದೆ ಇತ್ತು. ಆವತ್ತು ಬೆಳಗ್ಗೆ ನೀರು ಸೇದುತ್ತಿದ್ದಾಗಲೇ ಬಾವಿಯ ಹಕ್ಕಿನವರು ಬಂದು ತಡೆದಿದ್ದರಂತೆ. ಸ್ಟಾಂಪ್ ಪೇಪರಿನ ಮೇಲೆ ನೀರು ಹರಡಿ ಶಾಯಿ ಕದಡಿತು. ನಾನು ಪಡೆದಿದ್ದ ನೂರೈವತ್ತು ರೂಪಾಯಿ ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ತಿದ್ದುಪಡಿ ಪತ್ರ ಮಾಡಿಸೋಣ ಅಂದೆ, ಆದರೆ ತಿದ್ದುವುದಕ್ಕೆ ಪತ್ರದಲ್ಲಿ ತಪ್ಪೇ ಇರಲಿಲ್ಲ. ತಪ್ಪು ಇದ್ದಿದ್ದು ನನ್ನ ಓದಿನಲ್ಲಿ. ಹಗ್ಗ ಒಣಗುವವರೆಗೆ ಮೇಜಿನ ಮೇಲೇ ಇತ್ತು. ಆಮೇಲೆ ಡ್ರಾಯರಿನಲ್ಲಿಟ್ಟೆ. ನೀನು ಸಣ್ಣವಳಿದ್ದಾಗ ಆಫೀಸಿಗೆ ಬಂದು ಅದನ್ನು ಜೋಕಾಲಿ ಕಟ್ಟಿಕೊಡು ಅಂತ ಕೇಳಿದ್ದೆ, ಸುಮ್ನೆ ಗದರಿದ್ದೆ. ಯಾಕೆ ಅಂತ ನಿನಗೆ ಆಗ ಗೊತ್ತಾಗಲಿಲ್ಲ. ಈಗಲೂ ಅದು ಅಲ್ಲೇ ಇದೆ. ಆ ನೀರಿನ ಗೆರೆ ಮೇಜಿನ ಮೇಲೆ, ಸನ್‌ಮೈಕಾ ಸೀಳಿದ ಜಾಗದಲ್ಲಿ, ಬೆರಳಿಟ್ಟರೆ ಸಿಗುತ್ತದೆ.

ನನಗೆ ಭಯ ಏನು ಗೊತ್ತಾ, ಮುಂದೆ ಏನಿದೆ ಅಂತ ಗೊತ್ತು ಅನ್ನುವ ಈ ಅವಸರ ನಿನಗೆ ನನ್ನಿಂದಲೇ ಬಂದಿದೆಯೇನೋ ಅಂತ. ಆ ರಾತ್ರಿ ನೀನು ಅಂದಿದ್ದು 'ಈ ಸಲ ಸಿಗದಿದ್ದರೂ ಪರವಾಗಿಲ್ಲ ಅಪ್ಪ, ಬರೀತೀನಿ' ಅಂತ. ಅಮ್ಮ ಹೇಳಿದ ಮೇಲೆ ನೆನಪಾಯಿತು. ನಾನು ಮೊದಲರ್ಧ ಕೇಳಿ ಬಾಯಿ ಹಾಕಿದ್ದೆ. ತಪ್ಪಾಯಿತು.

ಆದರೂ ಹೇಳುತ್ತೇನೆ, ಕೇಳು. ದಿನಾ ನಾಲ್ಕು ಪ್ಯಾಸೇಜ್ ಮುಗಿಸುವುದು ಸಾಕು. ಎರಡೇ ಓದು. ಓದಿದ ಮೇಲೆ ಪುಸ್ತಕ ಮುಚ್ಚಿ, ಬರೆದವನು ಹೇಳಿದ್ದೇನು ಅಂತ ಕನ್ನಡದಲ್ಲೇ ಒಂದು ಸಾಲು ಬರಿ. ಬರೆಯೋಕೆ ಆಗದಿದ್ದರೆ ಅರ್ಥ ಆಗಿಲ್ಲ ಅಂತ, ಮತ್ತೆ ಓದು. ಎರಡು ಉತ್ತರದ ನಡುವೆ ಸಿಕ್ಕಿಕೊಂಡರೆ, ಇದು ಯಾವ ಸಾಲಿನಿಂದ ಬಂತು ಅಂತ ಬೆರಳಿಟ್ಟು ತೋರಿಸು. ಸಾಲು ಸಿಗದಿದ್ದರೆ ಅದು ನಿನ್ನ ತಲೆಯಿಂದ ಬಂದಿದ್ದು. 'ಯಾವಾಗಲೂ', 'ಮಾತ್ರ' ಅಂತ ಇರುವುದನ್ನು ಎರಡು ಸಲ ನೋಡು. ರಾತ್ರಿ ಒಂದು ಗಂಟೆವರೆಗೆ ಕೂರಬೇಡ. ಪರೀಕ್ಷೆ ದಿನ ಹೊಸ ಚಪ್ಪಲಿ ಹಾಕಬೇಡ. ಇದಕ್ಕೂ ಪ್ಯಾಸೇಜಿಗೂ ಏನು ಸಂಬಂಧ ಅಂತ ನೀನು ಕೇಳ್ತೀಯ, ಗೊತ್ತು. ಹಗಲೆಲ್ಲ ಕೆಲಸ ಮಾಡಿ ಬಂದು ಓದುತ್ತೀಯಲ್ಲ, ನಿನ್ನ ವಯಸ್ಸಿನಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಇದನ್ನು ಆ ರಾತ್ರಿ ಹೇಳಬೇಕಿತ್ತು.

ನವೆಂಬರ್ 30 ಭಾನುವಾರ ಪರೀಕ್ಷೆ. ಬೆಳಗ್ಗೆ ಎಂಟೂವರೆಯದೋ, ಮಧ್ಯಾಹ್ನದ್ದೋ, ಸಂಜೆಯದೋ ಅಂತ ಪ್ರವೇಶಪತ್ರ ಬಂದ ಮೇಲೆ ಅಮ್ಮನಿಗಾದರೂ ಹೇಳು. ನಾನು ಬರಬೇಕಾ ಬೇಡವಾ ಅನ್ನುವುದು ನಿನಗೆ ಬಿಟ್ಟಿದ್ದು. ಬೇಡ ಅಂದರೆ ಬೇಡ ಅಂತಲೇ ಓದಿಕೊಳ್ಳುತ್ತೇನೆ.

ಚಕ್ಕುಲಿ ಡಬ್ಬದ ಕೆಳಗೆ ಕೊಬ್ಬರಿ ಮಿಠಾಯಿ ಇದೆ, ಪೇಪರ್ ತೆಗೆದು ನೋಡು. ಡಬ್ಬ ಸಿಕ್ಕಿತು ಅಂತ ಒಂದು ಮೆಸೇಜ್ ಹಾಕು, 'ಹ್ಞೂಂ' ಅಂತಾದರೂ ಸರಿ.

ಅಪ್ಪ