ಮಗಳಿಗೊಂದು ಪತ್ರ: ನಿಕಾಹ್‌ನಾಮೆಗೆ ಸಹಿ ಹಾಕುವ ಮುನ್ನ

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ.

ಹುಡುಗನ ಮನೆಯವರು ಕಳಿಸಿದ ನಿಕಾಹ್‌ನಾಮೆಯ, ಅಂದರೆ ಮದುವೆ ಒಪ್ಪಂದದ, ಕರಡು ನೋಡಿದೆ. ಗಂಡ ಹೆಂಡತಿಗೆ ಕೊಡಬೇಕಾದ ಮಹ್ರ್‌ಗೆ ಒಂದೇ ಸಾಲು ಬಿಟ್ಟಿದ್ದಾರೆ, ಷರತ್ತುಗಳ ಜಾಗದಲ್ಲಿ ಬರೀ ಅಡ್ಡಗೆರೆ ಎಳೆದಿದ್ದಾರೆ. ಹಾಗೇ ಸಹಿ ಹಾಕಬೇಡ. ಅಲ್ಲಿ ಬರೆಯಬೇಕಾದದ್ದು ಯಾವುದೂ ಹೊಸ ಕಾಲದ ಬೇಡಿಕೆಯಲ್ಲ. ಕುರ್‌ಆನ್‌ನಲ್ಲೂ ಹಳೆಯ ಫಿಕ್ಹ್ (ಇಸ್ಲಾಮೀ ಕಾನೂನು) ಗ್ರಂಥಗಳಲ್ಲೂ ಇರುವುದೇ. ಹೆಣ್ಣುಮಕ್ಕಳಿಗೆ ಅದನ್ನು ಓದಿ ಹೇಳುವವರು ಕಡಿಮೆ.

ಮೊದಲು ಮಹ್ರ್. ಅದನ್ನು ಹೆಣ್ಣಿಗೇ, ಮನಸಾರೆ ಕೊಡಿ ಎನ್ನುತ್ತದೆ ಕುರ್‌ಆನ್‌ನ ಸೂರಃ (ಅಧ್ಯಾಯ) ಅನ್ನಿಸಾದ 4ನೇ ಆಯತ್ (ವಾಕ್ಯ). ಅದು ಅಪ್ಪನದೂ ಅಲ್ಲ, ಅಣ್ಣನದೂ ಅಲ್ಲ. ಅವಳೇ ತನ್ನ ಮನಸ್ಸಿನಿಂದ ಏನಾದರೂ ಬಿಟ್ಟುಕೊಟ್ಟರೆ ಮಾತ್ರ ಅದು ಗಂಡನಿಗೆ ಸಲ್ಲುತ್ತದೆ ಎಂದು ಅದೇ ಆಯತ್ ಮುಂದುವರಿಯುತ್ತದೆ. ಮದುವೆಯ ರಾತ್ರಿಯೇ "ಮಾಫ್ ಮಾಡಿದೆ" ಎಂದು ಬಾಯಲ್ಲಿ ಹೇಳಿಸುವ ರೂಢಿಗೆ ಇದರಲ್ಲಿ ಆಸರೆ ಇಲ್ಲ. ಮುಲಾಜಿಗೆ ಹೇಳಿದ್ದು ಮನಸ್ಸಿನಿಂದ ಹೇಳಿದ್ದಾಗುವುದಿಲ್ಲ.

ಕರಡಿನಲ್ಲಿ 'ಮುಅಜ್ಜಲ್' ಎಂದಿದೆ. ಇಲ್ಲೇ ಎಡವುವುದು. ಉರ್ದುವಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕೇಳಿಸುವ ಎರಡು ಪದಗಳಿವೆ. ಐನ್ ಅಕ್ಷರದ್ದಾದರೆ ಕೇಳಿದ ಕೂಡಲೇ ಕೊಡಬೇಕಾದ ಮಹ್ರ್, ವಾವ್-ಹಂಝದ್ದಾದರೆ ಮುಂದಕ್ಕೆ ಹಾಕಿದ ಮಹ್ರ್. ಕನ್ನಡ ಲಿಪಿಯಲ್ಲಿ ಬರೆದರೆ ಯಾವುದೆಂದು ಯಾರಿಗೂ ತಿಳಿಯದು. ಆ ಪದ ಹೊಡೆದುಹಾಕಿ, 'ಇಷ್ಟು ನಿಕಾಹ್ ದಿನವೇ ಕೊಡಲಾಗಿದೆ, ಉಳಿದದ್ದು ಇಂಥ ತಾರೀಕಿನೊಳಗೆ' ಎಂದು ಬರೆಸು. ತಾರೀಕು ಹಾಕದೆ ಮುಂದಕ್ಕೆ ಹಾಕಿದರೆ ಅದು ಕೈಗೆ ಬರುವುದು ತಲಾಖ್ ಆದಾಗ, ಇಲ್ಲವೇ ಒಬ್ಬರು ತೀರಿಕೊಂಡಾಗ. ಅಷ್ಟರಲ್ಲಿ ರೂಪಾಯಿಯ ಬೆಲೆ ಕರಗಿರುತ್ತದೆ. ಆದ್ದರಿಂದ ಚಿನ್ನದ ಲೆಕ್ಕದಲ್ಲಿ ಬರೆಸು: ಇಷ್ಟು ಗ್ರಾಂ, 22 ಕ್ಯಾರೆಟ್. ಅವರು ಮಹ್ರೆ ಫಾತಿಮಿ (ಪ್ರವಾದಿಯವರ ಮಗಳು ಫಾತಿಮಾರ ಹೆಸರಿನ ಮಹ್ರ್) ಎಂದರೆ ಅದು 500 ದಿರ್ಹಮ್, ಅಂದರೆ 131 ಕಾಲು ತೊಲ, ಸುಮಾರು 1,531 ಗ್ರಾಂ ಬೆಳ್ಳಿ. ಆ ತೂಕವನ್ನೂ ಅಂಕಿಯಲ್ಲಿ ಬರೆಸಬೇಕು.

ಬಾಕಿ ಉಳಿದ ಮಹ್ರ್ ಗಂಡನ ಮೇಲಿನ ಸಾಲ. ಆಸ್ತಿ ಪಾಲಿನ ಲೆಕ್ಕ ಹೇಳುವ ಅದೇ ಸೂರಃದ 11 ಮತ್ತು 12ನೇ ಆಯತ್‌ಗಳು 'ವಸಿಯ್ಯತ್ (ಉಯಿಲು) ಮತ್ತು ಸಾಲ ತೀರಿಸಿದ ಮೇಲೆ' ಎಂಬ ಮಾತನ್ನು ನಾಲ್ಕು ಸಲ ಹೇಳುತ್ತವೆ. ಗಂಡ ತೀರಿಕೊಂಡರೆ ಮೊದಲು ಮಹ್ರ್ ತೀರಬೇಕು. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು, ಇಲ್ಲದಿದ್ದರೆ ನಾಲ್ಕನೇ ಒಂದು ಪಾಲು ಎಂಬ ಲೆಕ್ಕ ಆಮೇಲಿನದು. "ನಿನ್ನ ಪಾಲಿನಲ್ಲೇ ಮಹ್ರ್ ಸೇರಿದೆ" ಎಂದು ಯಾರಾದರೂ ಹೇಳಿದರೆ ಈ ಆಯತ್‌ಗಳನ್ನು ತೆರೆದು ತೋರಿಸು.

ಇನ್ನು ಷರತ್ತುಗಳು. ನಾವು ಶಾಫಿಈ, ಅವರು ಹನಫಿ; ಎರಡೂ ಫಿಕ್ಹ್‌ನ ಮತಗಳು (ಪಂಥಗಳು). ಹನಫಿ ಫಿಕ್ಹ್‌ನಲ್ಲಿ ತಲಾಖೆ ತಫ್ವೀಝ್ ಎಂಬುದಿದೆ: ಗಂಡ ತನ್ನ ತಲಾಖ್ ಅಧಿಕಾರವನ್ನು ಹೆಂಡತಿಗೂ ವಹಿಸಿಕೊಡುವುದು. ಕೊಟ್ಟ ಮೇಲೆ ವಾಪಸು ಪಡೆಯುವಂತಿಲ್ಲ. ನಮ್ಮ ಕೋರ್ಟುಗಳೂ ಇದನ್ನು ಒಪ್ಪುತ್ತವೆ. ಆದರೆ ಮೂರು ಕಡೆ ಇದು ಕೆಡುತ್ತದೆ. 'ಯಾವಾಗ ಬೇಕಾದರೂ' ಎಂಬ ಮಾತಿಲ್ಲದಿದ್ದರೆ ಆ ಕೂಟ ಮುಗಿಯುತ್ತಲೇ ಅಧಿಕಾರವೂ ಮುಗಿಯುತ್ತದೆ. 'ಬಾಇನ್' (ಗಂಡ ತಾನಾಗಿ ಹಿಂದೆಗೆಯಲಾಗದ ತಲಾಖ್) ಎಂಬ ಪದವಿಲ್ಲದಿದ್ದರೆ ಇದ್ದತ್ (ತಲಾಖ್ ಆದ ಮೇಲೆ ಕಾಯುವ ಅವಧಿ) ಮುಗಿಯುವ ಮೊದಲು ಅವನು ನಿನ್ನನ್ನು ಮರಳಿ ಕರೆದುಕೊಂಡುಬಿಡಬಹುದು. ಮೂರನೆಯದು ಯಾವಾಗ ಬರೆಯುತ್ತೇವೆ ಎಂಬುದು. ನಿಕಾಹ್‌ಗೆ ಮೊದಲು ಅವನ ಬಳಿಯೇ ಇಲ್ಲದ ಅಧಿಕಾರವನ್ನು ಅವನು ಕೊಡುವುದು ಹೇಗೆ ಎಂಬ ತಕರಾರು ಏಳುತ್ತದೆ. ಅದಕ್ಕೇ ಕಬೂಲ್ (ನಿಕಾಹ್‌ನ ಒಪ್ಪಿಗೆ) ಆದ ಬೆನ್ನಲ್ಲೇ, ಅದೇ ಕೂಟದಲ್ಲಿ, ಬೇರೆ ಹಾಳೆಯಲ್ಲಿ ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವುದು ಒಳ್ಳೆಯದು. ಒಕ್ಕಣೆ ಹೀಗಿರಲಿ: 'ಕೆಳಗಿನ ಯಾವುದೇ ಒಂದು ಸಂಗತಿ ನಡೆದರೆ, ಆಮೇಲೆ ಯಾವಾಗ ಬೇಕಾದರೂ, ತನಗೆ ತಾನೇ ಒಂದು ತಲಾಖೆ ಬಾಇನ್ ಕೊಟ್ಟುಕೊಳ್ಳುವ ಅಧಿಕಾರವನ್ನು ನನ್ನ ಪತ್ನಿಗೆ ಕೊಟ್ಟಿದ್ದೇನೆ.' ಕೆಳಗೆ ಆ ಸಂಗತಿಗಳ ಪಟ್ಟಿ ಇರಲಿ: ಹೊಡೆತ, ನಿನ್ನ ಒಪ್ಪಿಗೆ ಇಲ್ಲದ ಎರಡನೇ ಮದುವೆ, ಆರು ತಿಂಗಳು ಖರ್ಚಿಗೆ ಕೊಡದಿರುವುದು. 'ಹಿಂಸೆ ಕೊಟ್ಟರೆ' ಎಂದಷ್ಟೇ ಬರೆದರೆ ಅದರ ಅರ್ಥಕ್ಕೇ ಜಗಳವಾಗುತ್ತದೆ.

ಈ ಹಾಳೆ ಇಲ್ಲದಿದ್ದರೆ ದಾರಿಯೇ ಇಲ್ಲವೆಂದಲ್ಲ. ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಇದೆ, 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಇದೆ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ಆ ನಾಲ್ಕು ವರ್ಷ ಎಲ್ಲಿಂದ ಬಂತೆಂದು ನೋಡು. ಕಾಣೆಯಾದ ಗಂಡನ ಓರಗೆಯವರೆಲ್ಲ ತೀರುವವರೆಗೂ ಕಾಯಬೇಕೆನ್ನುತ್ತಿತ್ತು ಹಳೆಯ ಹನಫಿ ಮತ. ಹೆಂಗಸರ ಕಷ್ಟ ಕಂಡು ಮೌಲಾನಾ ಅಶ್ರಫ್ ಅಲಿ ಥಾನವಿಯವರಂಥ ಹನಫಿ ವಿದ್ವಾಂಸರೇ 1930ರ ದಶಕದಲ್ಲಿ ಫಿಕ್ಹ್‌ನ ಇನ್ನೊಂದು ಮತವಾದ ಮಾಲಿಕಿಯ ನಾಲ್ಕು ವರ್ಷವನ್ನು ಎತ್ತಿಕೊಂಡರು. ಫಿಕ್ಹ್ ಬದಲಾಗುವುದೇ ಇಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಒಂದೇ ಉಸಿರಿನ ಮೂರು ತಲಾಖ್‌ಗೆ 2017ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು, 2019ರ ಕಾಯ್ದೆ ಅದನ್ನು ಅಪರಾಧವಾಗಿಸಿತು. ಸೂರಃ ಅಲ್‌ಬಕರಾದ 229ನೇ ಆಯತ್ ಹೇಳುವುದೂ 'ತಲಾಖ್ ಎರಡು ಸಲ, ಆಮೇಲೆ ಒಳ್ಳೆಯ ರೀತಿಯಲ್ಲಿ ಇರಿಸಿಕೊಳ್ಳಿ ಇಲ್ಲವೇ ಒಳ್ಳೆಯ ರೀತಿಯಲ್ಲಿ ಬಿಟ್ಟುಬಿಡಿ' ಎಂದೇ.

ನೀನು ಕೇಳಿದ, ಅನ್ನಿಸಾದ 34ನೇ ಆಯತ್ ಬಗ್ಗೆ. ಗಂಡಸರು ಹೆಂಗಸರ ಮೇಲೆ 'ಕವ್ವಾಮೂನ' ಎನ್ನುವಲ್ಲಿ ಅನುವಾದಗಳು ಅಧಿಕಾರಿ, ಮೇಲ್ವಿಚಾರಕ ಎಂದು ಬರೆಯುತ್ತವೆ. ಅದೇ ಸೂರಃದ 135ನೇ ಆಯತ್ ತೆಗೆ. ಅದೇ ಪದ 'ಕವ್ವಾಮೀನ' ಎಂದು ಬರುತ್ತದೆ, ಅಲ್ಲಿ ಮಾತು ಎಲ್ಲ ವಿಶ್ವಾಸಿಗಳಿಗೆ: ನ್ಯಾಯಕ್ಕಾಗಿ ಗಟ್ಟಿಯಾಗಿ ನಿಲ್ಲಿ. 34ರಲ್ಲೇ ಕೊಟ್ಟ ಕಾರಣಗಳಲ್ಲಿ ಗಂಡಸರು ತಮ್ಮ ಸಂಪತ್ತನ್ನು ಖರ್ಚು ಮಾಡುತ್ತಾರೆ ಎಂಬುದೂ ಒಂದು. ಅಂದರೆ ಇದು ಹೊಣೆಯ ಮಾತು. 34ರಲ್ಲೇ ಬರುವ 'ನುಶೂಝ್' ಎಂಬುದನ್ನು ಹೆಂಡತಿಯ ಅವಿಧೇಯತೆ ಎಂದು ಓದುವವರು 128ನೇ ಆಯತ್ ತಲುಪಿದಾಗ ಏನು ಮಾಡುತ್ತಾರೆ? ಅಲ್ಲಿ ನುಶೂಝ್ ಗಂಡನದು.

ನುಶೂಝ್ ತೋರುವ ಹೆಂಡತಿಯ ವಿಷಯದಲ್ಲಿ 34 ಬಳಸುವ 'ದರಬ' ಎಂದರೆ ಹೊಡೆಯುವುದಲ್ಲ, ದೂರ ಸರಿಯುವುದು ಎಂದು ಈಚಿನ ಕೆಲವರು ಬಿಡಿಸುತ್ತಾರೆ. ಭಾಷೆಯ ಬಲದಿಂದ ಅದನ್ನು ಗೆಲ್ಲುವುದು ಕಷ್ಟ ಎಂದೇ ನನಗನ್ನಿಸುತ್ತದೆ. ನನಗೆ ಗಟ್ಟಿಯಾಗಿ ಕಾಣುವುದು ಬೇರೆ: ಪ್ರವಾದಿಯವರು (ಸ) ಯಾವ ಹೆಂಗಸಿನ ಮೇಲೂ, ಯಾವ ಸೇವಕನ ಮೇಲೂ ಎಂದೂ ಕೈ ಎತ್ತಲಿಲ್ಲ ಎಂಬ ಅವರ ಪತ್ನಿ ಆಯಿಶಾರ (ರ) ಮಾತು ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿದೆ. ಸುನ್ನತ್ (ಪ್ರವಾದಿಯವರ ನಡೆ) ಎಂದು ಗಡ್ಡ ಬಿಡುವವರಿಗೆ ಈ ಸುನ್ನತ್ತೂ ಇದೆ. ಮರುಆಯತ್, 35, ಅವನ ಕಡೆಯಿಂದ ಒಬ್ಬರು, ಅವಳ ಕಡೆಯಿಂದ ಒಬ್ಬರು ಪಂಚರು ಕೂರಲಿ ಎನ್ನುತ್ತದೆ. ನಿನ್ನ ಕಡೆಯ ಪಂಚರು ಯಾರೆಂದು ಈಗಲೇ ಹೆಸರು ಬರೆಸು. ಹೆಂಗಸಾಗಬಾರದು ಎಂದು ಆಯತ್ ಹೇಳಿಲ್ಲ.

ಮೂರು ಪ್ರತಿ ಮಾಡಿಸು: ನಿನಗೊಂದು, ಅವರಿಗೊಂದು, ಜಮಾಅತ್ ದಫ್ತರಕ್ಕೊಂದು. ನಿನ್ನದನ್ನು ಗಂಡನ ಮನೆಯ ಕಪಾಟಿನಲ್ಲಿ ಇಡಬೇಡ, ನನ್ನ ಬಳಿ ಇರಲಿ. ಗುರುವಾರ ಮಗ್ರಿಬ್ ಆದ ಮೇಲೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಷರತ್ತಿನ ಸಾಲುಗಳನ್ನು ನಿನ್ನ ಕೈಬರಹದಲ್ಲೇ ಬರೆದಿಡು, ಇಬ್ಬರೂ ಕೂಡಿ ಓದೋಣ.

ನಿನ್ನ ಉಮ್ಮ